ಅತ್ತೆ ಕಾಲು ಕೊಡಲಿಲ್ಲ

ಕರೋಶಿಯ ನಮ್ಮ ಮನೆಯಲ್ಲಿ ನನ್ನ ಮೈದುನ ಪೈಲವಾನ. ಕುಸ್ತಿಯೇ ಅವನ ಹೊಟ್ಟೆಪಾಡು. ಅಖಾಡದಲ್ಲಿ ಉಜ್ಜಿ ಉಜ್ಜಿ ಅವನ ಕಿವಿಗಳು ಒಣ ಖರ್ಜೂರದಂತೆ ಮುದುಡಿವೆ. ಫೋನು ತಾಗಿಸಲಾಗದೆ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುತ್ತಾನೆ.

ಅಂಕಲಿಯಲ್ಲಿ ಕೊಲ್ಹಾಪುರದ ಪೈಲವಾನನ ಜೊತೆ ಅವನ ಕುಸ್ತಿ ಗೊತ್ತಾಗಿತ್ತು. ವಾರವಿರುವಾಗ ಅವನು ನಿಂತೇ ಊಟ ಮಾಡತೊಡಗಿದ. ಕೇಳಿದರೆ ಪೈಜಾಮ ಸರಿಸಿ ಮೊಣಕಾಲು ತೋರಿಸಿದ. ಊದಿತ್ತು. ಇನ್ನೊಮ್ಮೆ ತಿರುಚಿದರೆ ಕುಸ್ತಿ ಅಲ್ಲಿಗೆ ಮುಗಿಯಿತು ಎಂದು ಡಾಕ್ಟರರು ಹೇಳಿದ್ದರಂತೆ.

“ಅವ್ವಗ ಹೇಳಬ್ಯಾಡ್ರಿ ವೈನಿ. ಮೂವತ್ತ ದಾಟೇತಿ. ಈ ಸಲ ತಪ್ಪಿಸಿದ್ರ ಮತ್ತ ಯಾರೂ ಕರ್ಯಾಂಗಿಲ್ಲ.”

“ವಸ್ತಾದರಿಗಾದ್ರೂ ಹೇಳಬಾರದಾ?” ವಸ್ತಾದರೆಂದರೆ ಅವನಿಗೆ ಕುಸ್ತಿ ಕಲಿಸಿದ ಗುರು.

“ನೋವಿಲ್ಲದ ಪೈಲವಾನನ್ನ ತೋರ್ಸಲೇ ಅಂತಾರ.”

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದಂತೆ ಎಂಟರ ಅಂಕಿಯ ಹಾಗೆ ಬ್ಯಾಂಡೇಜು ಸುತ್ತಿ, ತುದಿಗೆ ಕ್ಲಿಪ್ಪು ಹಾಕುತ್ತಿದ್ದೆ. ಶುಶ್ರೂಷೆ ಮಾಡುತ್ತಿದ್ದೇನೋ, ಕಳ್ಳತನಕ್ಕೆ ಜೊತೆಯಾಗಿದ್ದೇನೋ, ನನಗೇ ತಿಳಿಯುತ್ತಿರಲಿಲ್ಲ.

ಕುಸ್ತಿಯ ದಿನ ಅವ್ವನ ಕಾಲು ಮುಟ್ಟದೆ ಅವನೆಂದೂ ಹೊಸ್ತಿಲು ದಾಟಿದವನಲ್ಲ. ಅಂದು ಮಧ್ಯಾಹ್ನವೂ ಚೀಲ ಹೆಗಲಿಗೇರಿಸಿ ಬಂದ. ಮಂಚದ ಮೇಲೆ ಕುಳಿತಿದ್ದ ಅತ್ತೆ ಎರಡೂ ಕಾಲು ಮೇಲೆಳೆದುಕೊಂಡು ಸೀರೆಯೊಳಗೆ ಮುಚ್ಚಿಕೊಂಡರು.

“ಕಾಲ ಕೊಡಬೇ ಅವ್ವಾ, ಹೊತ್ತಾತು.”

“ಕೊಡೂದಿಲ್ಲ.”

“ಚ್ಯಾಷ್ಟಿ ಮಾಡಬ್ಯಾಡ.”

ಅತ್ತೆ ಮುಷ್ಟಿ ಬಿಚ್ಚಿದರು. ಬ್ಯಾಂಡೇಜಿನ ಕ್ಲಿಪ್ಪು. “ಕಸಾ ಹೊಡಿಯಾಗ ಸಿಕ್ತು. ವೈನಿ-ಮೈದುನ ಕೂಡಿ ನನ್ನ ಕುರುಡಿ ಅಂತ ತಿಳದೀರೇನು?”

ನಾನು ತಲೆ ತಗ್ಗಿಸಿದೆ. ಅವನು ಚೀಲ ಕೆಳಗಿಟ್ಟು ಫೋನು ತೆಗೆದ.

“ವಸ್ತಾದ, ಅವ್ವ ಕಾಲ ಕೊಡವಲ್ಲಳ್ರಿ.”

ಮೊಣಕಾಲಿನ ಸುದ್ದಿ ಹೇಳಿದ್ದರೆ ಬೈಯುತ್ತಿದ್ದರೇನೋ, ಇದಕ್ಕೆ ವಸ್ತಾದರು ಬೈಯಲಿಲ್ಲ. “ಹಂಗಾರ ಬರಬ್ಯಾಡೋ,” ಎಂದಷ್ಟೇ ಕೇಳಿಸಿತು.

ಐದಕ್ಕೆ ಅವನ ಕುಸ್ತಿಯಿತ್ತು. ಐದೂವರೆಯಾದರೂ ಅತ್ತೆ ಕಾಲು ಇಳಿಸಲಿಲ್ಲ. ಚಹಾ ಕುಡಿದದ್ದೂ ಹಾಗೆಯೇ. ಆಮೇಲೆ ಮೆಲ್ಲಗೆ ಚಾಚಿ, “ಜೋಮ ಹಿಡದಾವಲೇ, ಒತ್ತ ಬಾ,” ಎಂದರು. ಅವನು ಕುಂಟುತ್ತ ಬಂದು, ನೋಯುವ ಕಾಲನ್ನು ಉದ್ದಕ್ಕೆ ಬಿಟ್ಟು ಮಂಚದ ಅಂಚಿಗೆ ಕುಳಿತ. ಒತ್ತತೊಡಗಿದ.

“ಹಗೂರಕ ಒತ್ತೋ,” ಎಂದರು ಅತ್ತೆ. “ನಾ ಏನ್ ಕೊಲ್ಹಾಪುರದ ಪೈಲವಾನ ಅಲ್ಲ.”