ಮಲ್ಲೇಶಪ್ಪನವರು ಕೊಟ್ಟ ಅರ್ಜಿ

ಕಬಡ್ಡಿ ಅಂಕಣದ ಸುತ್ತ ನೆರೆದವರೆಲ್ಲ ರೈಡರ್‌ನನ್ನು ನೋಡುತ್ತಿದ್ದರೆ, ಮಲ್ಲೇಶಪ್ಪನವರು ಅವನನ್ನು ಹಿಡಿಯಲು ನಿಂತವರ ಪಾದಗಳನ್ನು ನೋಡುತ್ತಿದ್ದರು. ಯಾರದಾದರೂ ಹಿಮ್ಮಡಿ ನೆಲ ಬಿಟ್ಟಿತೆಂದರೆ "ಹೋಯ್ತು!" ಎಂದುಬಿಡುವರು, ಅಂಕ ಹೋಗುವುದು ಅದಾದ ಮೇಲೆ. ಪ್ರಾಯದಲ್ಲಿ ಅಜ್ಜಂಪುರದ ತಂಡಕ್ಕೆ ಬಲ ಕಾರ್ನರ್‌ನಲ್ಲಿ ಆಡಿದ್ದವರು. ಎಡಗೈಯ ಕಿರುಬೆರಳು ಆಗಲೇ ಮುರಿದು, ಹೊರಕ್ಕೆ ಬಾಗಿಯೇ ಉಳಿದಿತ್ತು. "ಅವಸರ ಬಿದ್ದು ಕಾಲಿಗೆ ಕೈ ಹಾಕ್ದೋನ್ಗೆ ಬಹುಮಾನ ಇದು, ನೋಡ್ಕಳ್ರೀ" ಎಂದು ಅದನ್ನು ಎಲ್ಲರಿಗೂ ತೋರಿಸುತ್ತಿದ್ದರು.

ತೆಂಗಿನ ತೋಟವನ್ನು ತಮ್ಮನಿಗೆ ಒಪ್ಪಿಸಿದ ಮೇಲೆ ಅವರಿಗೆ ಉಳಿದಿದ್ದ ಆಸೆ ಒಂದೇ. ತರೀಕೆರೆಯ ಕಾಲೇಜು ತಂಡ ಅಂತರಕಾಲೇಜು ಫೈನಲ್ ಗೆಲ್ಲುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಅದಕ್ಕೆ ಅಡ್ಡಿಯೂ ಒಂದೇ ಎಂದು ಅವರು ನಂಬಿದ್ದರು: ತಂಡದ ಹಿಡಿತವನ್ನು ತಿದ್ದಲು ಕಾಲೇಜು ತಾತ್ಕಾಲಿಕವಾಗಿ ನೇಮಿಸಿಕೊಂಡಿದ್ದ ಕೋಚ್ ಪ್ರಕಾಶ್.

ಗಲಾಟೆಯಲ್ಲಿ ಮಾತು ಕೇಳಿಸದೆಂದು ಪ್ರಕಾಶ್ ಬಿಳಿಯ ಟವಲಿನಿಂದ ಸಂಜ್ಞೆ ಮಾಡುತ್ತಿದ್ದರು. ಟವಲನ್ನು ಮೇಲೆತ್ತಿದರೆ ಮುನ್ನುಗ್ಗಿ ಹಿಡಿಯಬೇಕು; ಮಂಡಿಯ ಮೇಲಿಟ್ಟರೆ ಕಾಯಬೇಕು. ಎರಡು ರೈಡ್ ಬರಿದಾದ ತಂಡದವನು ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ಅವನೇ ಔಟ್. ಅಂಥ ಮೂರನೆಯ ರೈಡಿನಲ್ಲೂ ಪ್ರಕಾಶರ ಟವಲು ಮೇಲೇರುತ್ತಿತ್ತು.

"ಅಲ್ಲಾ ಸಾರ್, ಗರಜು ಅವನ್ದು. ಅವ್ನೇ ಬತ್ತಾನೆ, ಸುಮ್ನೆ ನಿಂತ್ರೆ ಸಾಕು. ಇವ್ನು ಯಾಕ್ ಟವಲ್ ಎತ್ತಿ ಎತ್ತಿ ಹುಡುಗ್ರನ್ನ ಬಾವಿಗೆ ತಳ್ತಾನೆ?" ಎಂದು ಮಲ್ಲೇಶಪ್ಪನವರು ನನ್ನ ತೋಳು ಹಿಡಿದು ಅಲುಗಿಸುತ್ತಿದ್ದರು. ಒಮ್ಮೆ ಪ್ರಕಾಶರ ಕಿವಿಗೆ ಬೀಳುವಂತೆಯೇ, "ಲೇ, ಆ ಟವಲನ್ನ ಯಾರಾದ್ರೂ ಒಗೆಯಕ್ ತಗಂಡೋಗ್ರೋ!" ಎಂದು ಕೂಗಿದ್ದರು. ಪ್ರಕಾಶ್ ತಿರುಗಿ ನಕ್ಕರು. ಮುಂದಿನ ರೈಡಿಗೆ ಟವಲು ಮತ್ತೆ ಮೇಲೇರಿತು.

ಪ್ರಕಾಶರನ್ನು ಬದಲಿಸಬೇಕೆಂಬ ಅರ್ಜಿಯ ಯೋಚನೆ ಮಲ್ಲೇಶಪ್ಪನವರದು. ಅದನ್ನು ಬರೆದವನು ನಾನು. ವೃತ್ತಿಯಲ್ಲಿ ಶಾಸನಗಳ ಕಾಲನಿರ್ಣಯ ಮಾಡಿಕೊಂಡಿದ್ದವನಿಗೆ ನಿವೃತ್ತಿಯ ನಂತರ ಇದೊಂದು ಕೆಲಸ ದೊರೆಯಿತು. ಯಾವ ಪಂದ್ಯದ ಯಾವ ಮೂರನೆಯ ರೈಡಿನಲ್ಲಿ ಟವಲು ಮೇಲೇರಿತು, ಎಷ್ಟು ಅಂಕ ಹೋಯಿತು ಎಂಬುದನ್ನೆಲ್ಲ ಪಟ್ಟಿ ಮಾಡಿದೆ. ಮಲ್ಲೇಶಪ್ಪನವರ ನೆನಪನ್ನು ನನ್ನ ದಿನಚರಿಯೊಂದಿಗೂ, ದಿನಚರಿಯನ್ನು ಪಂದ್ಯದ ಅಂಕಪಟ್ಟಿಯೊಂದಿಗೂ ತಾಳೆ ನೋಡಿದೆ. ಒಂದು ಪಂದ್ಯ ಶುಕ್ರವಾರವೋ ಶನಿವಾರವೋ ಎಂಬ ಸಂದೇಹ ಬಂದಾಗ, ಅದನ್ನು ಪರಿಹರಿಸಿಕೊಳ್ಳಲೆಂದೇ ಕಡೂರಿಗೆ ಬಸ್ಸಿನಲ್ಲಿ ಹೋಗಿಬಂದೆ. ಫೈನಲ್‌ಗೆ ನಾಲ್ಕು ದಿನ ಮೊದಲು ಇಬ್ಬರೂ ಸಹಿ ಮಾಡಿ ಪ್ರಾಂಶುಪಾಲರಿಗೆ ಕೊಟ್ಟೆವು.

ಫೈನಲ್ ನಡೆದದ್ದು ಕಡೂರಿನಲ್ಲಿ. ಜನ ಹಗ್ಗದವರೆಗೂ ಒತ್ತಿ ನಿಂತಿದ್ದರು. ಪ್ರಕಾಶರ ಕುರ್ಚಿಯ ಬೆನ್ನಿಗೇ ನಾವಿಬ್ಬರು. ಕೊನೆಯ ರೈಡ್ ಬಂದಾಗ ನಮ್ಮ ತಂಡ ಒಂದು ಅಂಕ ಮುಂದಿತ್ತು. ಎದುರಾಳಿಗೆ ಅದು ಮೂರನೆಯ ರೈಡ್. ಕಾದು ನಿಂತರೆ ಗೆಲುವು ನಮ್ಮದೇ.

ಪ್ರಕಾಶರ ಟವಲು ಮಂಡಿಯ ಮೇಲಿದ್ದುದನ್ನು ನಾನು ಕಂಡೆ. ಮಲ್ಲೇಶಪ್ಪನವರು ಕಾಣಲಿಲ್ಲ, ಎಂದಿನಂತೆ ಅವರ ಕಣ್ಣು ಹುಡುಗರ ಪಾದಗಳ ಮೇಲಿತ್ತು. ಟವಲು ಮೇಲೆದ್ದೇ ಇರುತ್ತದೆಂದು ಭಾವಿಸಿ, ತಡೆಯಲೆಂದು, ತಮ್ಮ ಹೆಗಲ ಮೇಲಿದ್ದ ಬಿಳಿಯ ಟವಲನ್ನು ಸೆಳೆದು ತಲೆಯ ಮೇಲೆ ಬೀಸಿದರು.

"ಬ್ಯಾಡ್ರೋ! ನಿಂತ್ಕಳ್ರೋ!"

ಕೂಗು ಯಾರಿಗೂ ಕೇಳಿಸಲಿಲ್ಲ. ಟವಲು ಕಾಣಿಸಿತು. ಎರಡೂ ಕಾರ್ನರಿನವರು ಮುನ್ನುಗ್ಗಿದರು. ರೈಡರ್ ಇಬ್ಬರನ್ನೂ ಮುಟ್ಟಿ, ಜಿಗಿದು ಗೆರೆ ದಾಟಿದ. ಒಂದು ಅಂಕದಿಂದ ಸೋತೆವು. ಮಲ್ಲೇಶಪ್ಪನವರು ತಮ್ಮ ಕೈಯಲ್ಲಿದ್ದುದನ್ನೂ ಪ್ರಕಾಶರ ಮಂಡಿಯ ಮೇಲಿದ್ದುದನ್ನೂ ನೋಡಿದರು. ಟವಲನ್ನು ಹಿಡಿದೇ ನಿಂತಲ್ಲೇ ಕುಳಿತರು.

ವಾರದೊಳಗೆ ಪ್ರಕಾಶರನ್ನು ಕೆಲಸದಿಂದ ಬಿಡಿಸಿದ ಸುದ್ದಿ ಬಂತು. ಮಲ್ಲೇಶಪ್ಪನವರು ಊಟ ಬಿಟ್ಟೆದ್ದು ನಮ್ಮ ಮನೆಗೆ ಬಂದರು. "ಅರ್ಜಿ ವಾಪಸ್ ತಗಳಣ ಬನ್ನಿ ಸಾರ್. ಕೆಡಿಸ್ದೋನು ನಾನು."

ಪ್ರಾಂಶುಪಾಲರು ಸಮಾಧಾನದಿಂದಲೇ ಕೇಳಿಸಿಕೊಂಡರು. "ಮಲ್ಲೇಶಪ್ಪನೋರೇ, ಫೈನಲ್ ಒಂದನ್ನೇ ನೋಡಿ ಕಾಲೇಜು ಕಮಿಟಿ ತೀರ್ಮಾನ ಮಾಡಿಲ್ಲ. ಹಿಂದಿನ ಪಂದ್ಯಗಳದ್ದೆಲ್ಲ ನೀವೇ ಬರೆದುಕೊಟ್ಟಿದೀರಿ, ತಾರೀಕು ಸಮೇತ. ಒಂದೂ ಅಲ್ಲಗಳೆಯೋ ಹಾಗಿಲ್ಲ" ಎಂದು ನನ್ನತ್ತ ನೋಡಿದರು. ಆ ಮೆಚ್ಚುಗೆಯನ್ನು ನಾನು ತಲೆತಗ್ಗಿಸಿ ಕೇಳಿದೆ.

ಅಲ್ಲಿಂದಲೇ ಲಕ್ಕವಳ್ಳಿಯ ಬಸ್ಸು ಹತ್ತಿ ಪ್ರಕಾಶರ ಬಾಡಿಗೆ ಮನೆಗೆ ಹೋದೆವು. ಅವರು ಮನೆ ಖಾಲಿ ಮಾಡುತ್ತಿದ್ದರು. ಮಲ್ಲೇಶಪ್ಪನವರು ಹೊಸಿಲಾಚೆಯೇ ನಿಂತು, "ಅವತ್ತು ಟವಲ್ ಎತ್ತಿದ್ದು ನಾನಪ್ಪಾ" ಎಂದರು.

"ಗೊತ್ತಣ್ಣಾ. ಹುಡುಗ್ರು ನನಗೆ, 'ನೀವೇ ಎತ್ತಿದ್ರಲ್ಲ ಸಾರ್' ಅಂದ್ರು. ತಿರುಗಿ ನೋಡಿದ್ರೆ ನೀವು ಟವಲ್ ಹಿಡ್ಕಂಡು ಕೂತಿದ್ರಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬೋರ್ಯಾರು? ನಾನು ಎತ್ತಿದ್ದೆಲ್ಲಾ ಪಟ್ಟೀಲಿತ್ತಲ್ಲ." ಪ್ರಕಾಶ್ ಒಂದು ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸಿದರು. "ಫೈನಲ್ ಹಿಂದಿನ ದಿನ ಪ್ರಿನ್ಸಿಪಾಲ್ರು ನಿಮ್ಮ ಅರ್ಜಿ ಕೊಟ್ಟು ಓದು ಅಂದ್ರು. ರಾತ್ರಿಯೆಲ್ಲಾ ಓದ್ದೆ ಕಣಣ್ಣ. ನೀವು ಬರ್ದಿದ್ದು ಸರಿ ಅನ್ನಿಸ್ತು. ಅದನ್ನ ಓದಿಯೇ ಅವತ್ತು ಟವಲ್ ಮಂಡಿ ಮೇಲಿಟ್ಟಿದ್ದು."

ಪ್ರಕಾಶ್ ಕೊಟ್ಟ ನೀರಿನ ಲೋಟವನ್ನು ಮಲ್ಲೇಶಪ್ಪನವರು ಹೊಸಿಲ ಮೇಲಿಟ್ಟರು.

ಬಳಿಕ ನಾನು ಟವಲಿನ ನಿಜ ತಿಳಿಸಿ ಇನ್ನೊಂದು ಪತ್ರ ಬರೆದೆ. ಕಮಿಟಿಯಿಂದ ಉತ್ತರ ಬರಲಿಲ್ಲ. ಪ್ರಕಾಶ್ ಯಾವ ಊರಿಗೆ ಹೋದರೆಂಬುದನ್ನು ಪತ್ತೆ ಮಾಡಲೂ ನನ್ನಿಂದಾಗಲಿಲ್ಲ. ಮಲ್ಲೇಶಪ್ಪನವರು ಆಟದ ಮೈದಾನಗಳತ್ತ ಸುಳಿಯುವುದನ್ನೇ ಬಿಟ್ಟರು. ಮುಂದಿನ ಯುಗಾದಿಯನ್ನು ಅವರು ಕಾಣಲಿಲ್ಲ.

ತೀರಿಕೊಳ್ಳುವ ಹತ್ತು ದಿನ ಮೊದಲು ನನ್ನನ್ನು ಕರೆಸಿಕೊಂಡಿದ್ದರು. ಎದ್ದು ಕೂರುವ ಶಕ್ತಿ ಇರಲಿಲ್ಲ. ಅರ್ಜಿಯ ನಕಲನ್ನು ತರಲು ಹೇಳಿ ಕಳಿಸಿದ್ದರಿಂದ ಅದನ್ನು ಒಯ್ದಿದ್ದೆ.

"ಓದಿ ಸಾರ್" ಎಂದರು. ಮೊದಲಿನಿಂದ ಕೊನೆಯವರೆಗೆ ಓದಿದೆ.

"ಎಲ್ಲಾದ್ರೂ ಒಂದು ತಾರೀಕು ತಪ್ಪಿದೆಯಾ?"

"ಇಲ್ಲ, ಮಲ್ಲೇಶಪ್ಪನವರೇ."

ಅವರು ಬಾಗಿದ ಬೆರಳಿನ ಆ ಕೈಯನ್ನು ನನ್ನ ಮಂಡಿಯ ಮೇಲಿಟ್ಟು, ಬೇಡಿಕೊಳ್ಳುವ ದನಿಯಲ್ಲಿ ಹೇಳಿದರು:

"ಇನ್ನೊಂದ್ಸಲ ನೋಡಿ ಸಾರ್. ಒಂದಾದ್ರೂ ತಪ್ಪಿರುತ್ತೆ."

ನಾನು ಮತ್ತೆ ಮೊದಲ ಪುಟದಿಂದ ಓದತೊಡಗಿದೆ.