ನೀರು ಕೇಳದ ಗಿರಾಕಿಗಳು

ಕಳೆದ ಬೇಸಿಗೆಗೆ ನಾನು ಧಾರವಾಡದಲ್ಲಿ ವಕೀಲಿ ಶುರುಮಾಡಿ ಮೂರು ವರ್ಷವಾಗಿತ್ತು. ನನ್ನ ಮೇಜಿಗೆ ಬರುತ್ತಿದ್ದುದು ಹೆಚ್ಚಾಗಿ ಮನೆ, ಸೈಟುಗಳ ಕಾಗದಪತ್ರ. ಉಣಕಲ್ಲಿನ ಸುಮಿತ್ರಾ ಅಕ್ಕೋರು ಬಂದದ್ದೂ ಅದಕ್ಕೇ. ಸರ್ಕಾರಿ ಶಾಲೆಯ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಯರಿಗೆಲ್ಲ ಅಕ್ಕೋರು ಅಂತಲೇ ಹೆಸರು. ಅವರ ಯಜಮಾನರಿಗೆ ಲಕ್ವ ಹೊಡೆದು ಎಡಗಾಲು ಸ್ವಾಧೀನ ತಪ್ಪಿತ್ತು. ಮನೆ ಇದ್ದದ್ದು ಮಹಡಿಯ ಮೇಲೆ, ಕೆಳಗೆ ಬರೀ ಗಾಡಿ ನಿಲ್ಲಿಸುವ ಜಾಗ. ಆಸ್ಪತ್ರೆಗೆ ಹೋಗುವ ದಿನ ಆ ಕಡಿದಾದ ಮೆಟ್ಟಿಲಲ್ಲಿ ಅವರನ್ನು ಇಬ್ಬರು ಹೊತ್ತು ಇಳಿಸಬೇಕು. ಧಾರವಾಡದಲ್ಲಿ ಮೆಟ್ಟಿಲಿಲ್ಲದ ಸಣ್ಣ ಮನೆಯೊಂದನ್ನು ಅಕ್ಕೋರು ನೋಡಿಟ್ಟಿದ್ದರು. ಅದರ ಮಾಲೀಕರು ಮೇ ಕೊನೆಯವರೆಗೆ ಮಾತ್ರ ಕಾಯುವವರಿದ್ದರು. ಅಷ್ಟರೊಳಗೆ ಉಣಕಲ್ಲಿನದು ಮಾರಬೇಕು.

ಏಜೆಂಟ್ ಯಾರನ್ನು ಹಿಡಿಯೋಣ ಎಂದು ಕೇಳಿದರು. ಮೂವರನ್ನು ಕರೆಸಿದೆ. ಮೊದಲಿಬ್ಬರು ಬೆಲೆ ಕೇಳಿದರೆ ಗೋಡೆ ನೋಡಿದರು, ಕಮಿಷನ್ ಕೇಳಿದರೆ ನೆಲ ನೋಡಿದರು. ಮೂರನೆಯವನು ಮಂಜುನಾಥ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನ ಜೋಡಿ. ನಾನು ಪರ, ಅವನು ವಿರೋಧ. ಅರವತ್ತೈದು ಲಕ್ಷ ತರುತ್ತೇನೆ ಎಂದ, ಯಾಕೆ ಎಂದು ಲೆಕ್ಕ ಸಮೇತ ಹೇಳಿದ. ಷರತ್ತು ಒಂದೇ: ಎಕ್ಸ್‌ಕ್ಲೂಸಿವ್ ಅಗ್ರಿಮೆಂಟ್. ಅಂದರೆ ಮೂರು ತಿಂಗಳು ಗಿರಾಕಿ ತರುವವನು ಅವನೊಬ್ಬನೇ, ಬೇರೆ ಏಜೆಂಟರಿಗೆ ಬಾಗಿಲು ಬಂದ್. ನಾನು ಒಪ್ಪಲಿಲ್ಲ.

“ಐದು ಮಂದಿ ಕೈಯಾಗ ಕೊಟ್ಟ ಕೆಲಸ ಯಾರ ಕೆಲಸನೂ ಅಲ್ಲ, ಸಹನಾ. ಒಬ್ಬನ ಕೈಯಾಗ ಕೊಟ್ರ ನಾಳೆ ಕೊರಳಪಟ್ಟಿ ಹಿಡದು ಕೇಳಬಹುದು” ಎಂದ.

ವಾದ ಗಟ್ಟಿಯಾಗಿತ್ತು. ಅಕ್ಕೋರು ಸಹಿ ಹಾಕಿದರು.

ಗಿರಾಕಿಗಳು ಬಂದರು. ಮೊದಲನೆಯವರು ಓಣಿ ಇಕ್ಕಟ್ಟು ಎಂದು ಐವತ್ತೆಂಟು ಕೇಳಿದರು. ಆಮೇಲೆ ಬಂದವರಿಗೆ ಅಡುಗೆಮನೆಯ ದಿಕ್ಕು ಸರಿಯಿಲ್ಲ, ಕೆರೆ ಹತ್ತಿರ, ಸೊಳ್ಳೆ ಹೆಚ್ಚು. ಪ್ರತಿ ಸಲವೂ ಬೆಲೆ ಇನ್ನಷ್ಟು ಕೆಳಗೆ. ಮೇ ನಡುವಿಗೆ ಮಂಜುನಾಥ ಮುಖ ಸಣ್ಣದು ಮಾಡಿಕೊಂಡು ಬಂದು, ಮಾರ್ಕೆಟ್ ಬಿದ್ದಿದೆ, ಒಬ್ಬ ಬಿಲ್ಡರ್ ನಲವತ್ತೆಂಟಕ್ಕೆ ತಕ್ಷಣ ತೆಗೆದುಕೊಳ್ಳುತ್ತಾನೆ ಎಂದ. ಅಕ್ಕೋರು ಸೋತುಹೋಗಿದ್ದರು. ಕರಾರುಪತ್ರ ಬರೆಸಲೆಂದೇ ನನ್ನ ಆಫೀಸಿಗೆ ಬಂದರು.

ಬರೆಸುತ್ತ ಬರೆಸುತ್ತ ಗೊಣಗಿದರು: “ಪ್ರತಿ ಸಲ ಯಾರರ ಬರ್ತಾರಂದ್ರ ನೀರಿನ ಟಾಕಿ ತಿಕ್ಕಿ ತೊಳದು ಇಟ್ಟೇನ್ರಿ. ಒಬ್ಬರರ ಇಣಕಿ ನೋಡ್ಯಾರೇನು?”

ನನ್ನ ಪೆನ್ನು ನಿಂತಿತು. ನಮ್ಮ ಅವಳಿ ನಗರದ ಎಷ್ಟೋ ಓಣಿಗಳಿಗೆ ನಳದ ನೀರು ದಿನಾ ಬರುವುದಿಲ್ಲ; ಬೇಸಿಗೆಯಲ್ಲಿ ವಾರಗಟ್ಟಲೆ ಕಾಯುವುದುಂಟು. ಇಲ್ಲಿ ಹೆಣ್ಣು ಕೊಡುವವರೂ ನೀರಿನ ಸರದಿ ವಿಚಾರಿಸುತ್ತಾರೆ. ಮನೆ ಕೊಳ್ಳುವವನಂತೂ ದೇವರಮನೆಗಿಂತ ಮೊದಲು ಟಾಕಿಯ ಮುಚ್ಚಳ ತೆಗೆಸುತ್ತಾನೆ. ಸೊಳ್ಳೆಯವರೆಗೆ ಎಣಿಸಿದವರು ನೀರು ಕೇಳಲಿಲ್ಲವೆಂದರೆ ಅವರಿಗೆ ಆ ಮನೆಯಲ್ಲಿ ಇರುವ ಉದ್ದೇಶವೇ ಇರಲಿಲ್ಲ.

ಬಿಲ್ಡರನಿಗೆ ಒಪ್ಪುವ ಮೊದಲು ಇನ್ನೊಂದು ಗಿರಾಕಿ ನೋಡೋಣವೆಂದು ಅಕ್ಕೋರಿಂದ ಹೇಳಿಸಿದೆ. ಮಂಜುನಾಥ ಒಂದು ಜೋಡಿಯನ್ನು ಕರೆತಂದ ದಿನ ನಾನೂ ಆ ಮನೆಗೆ ಹೋದೆ. ಗಂಡ ಗೋಡೆ ತಟ್ಟಿದ, ಬಿರುಕು ತೋರಿಸಿದ, ನಲವತ್ತಾರರ ಮೇಲೆ ಏರುವುದಿಲ್ಲ ಎಂದ. ಇನ್ನೇನಾದರೂ ಕೇಳುವುದಿದೆಯೇ ಎಂದೆ. ಇಲ್ಲವೆಂದ.

“ನೀರಿಂದು ಕೇಳಲೇ ಇಲ್ಲಲ್ರಿ?”

ಆತ ಮಂಜುನಾಥನ ಮುಖ ನೋಡಿದ. ಹೆಂಡತಿಯಾಗಿ ಬಂದಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವೋ ನಾಚಿಕೆಯೋ ತಿಳಿಯಲಿಲ್ಲ.

ಅವರನ್ನು ಕಳಿಸಿ ಕೆಳಗೆ ಗಾಡಿಗಳ ನಡುವೆ ಮಂಜುನಾಥನನ್ನು ನಿಲ್ಲಿಸಿ ಕೇಳಿದೆ. ಅಲ್ಲಗಳೆಯಲಿಲ್ಲ. ಬಂದವರೆಲ್ಲ ಅವನ ಗುರುತಿನವರು, ಬೆಲೆ ಇಳಿಸಲೆಂದೇ ಕರೆತಂದವರು. ಬೆಲೆ ಎಷ್ಟು ಇಳಿಯುತ್ತದೋ ಅದರಲ್ಲಿ ಬಿಲ್ಡರನಿಂದ ಇವನಿಗೆ ಪಾಲು. ಫೋನು ಮಾಡಿದ ನಿಜವಾದ ಗಿರಾಕಿಗಳಿಗೆ ಮನೆ ಮಾರಿಹೋಗಿದೆ ಎಂದಿದ್ದ.

“ಕಾಲೇಜಿನ್ಯಾಗ ಚರ್ಚಾಸ್ಪರ್ಧೆಗೆ ಪ್ರ್ಯಾಕ್ಟೀಸ್ ಮಾಡುವಾಗ ಎದುರಾಳಿನ ನಾವ ನಿಲ್ಲಸ್ತಿದ್ವಿ. ಹಂಗ ತಿಳಕೊ” ಎಂದ.

“ಅಕ್ಕೋರ ಯಜಮಾನ್ರನ್ನ ಹೊತ್ತು ಇಳಸೂದು ನೋಡಿಲ್ಲೇನು ನೀ?”

“ನೋಡೇನಿ. ಅದಕ್ಕ ಲಗೂ ಮುಗಸೂಣು ಅಂದದ್ದು.”

ನಾಲ್ಕು ವರ್ಷ ಒಂದೇ ವೇದಿಕೆ ಹಂಚಿಕೊಂಡ ಗೆಳೆಯ ಈ ಮಾತನ್ನು ಒಂಚೂರೂ ತಡವರಿಸದೆ ಹೇಳಿದ. ಅವನು ಮೋಸ ಮಾಡಿದ್ದಕ್ಕಿಂತ ಆ ನಿರರ್ಗಳತೆ ನನ್ನನ್ನು ಹೆಚ್ಚು ಚುಚ್ಚಿತು.

ನೋಟಿಸು, ಪೊಲೀಸ್ ದೂರು ಎಂದೆಲ್ಲ ಹೆದರಿಸಿದ ಮೇಲೆ ಅಗ್ರಿಮೆಂಟ್ ರದ್ದು ಮಾಡಿ ಸಹಿ ಹಾಕಿದ. ಅಷ್ಟೊತ್ತಿಗೆ ಮೇ ಮುಗಿದಿತ್ತು, ಧಾರವಾಡದ ಮನೆ ಬೇರೆಯವರ ಪಾಲಾಗಿತ್ತು. ಉಣಕಲ್ಲಿನದು ದಸರೆಯ ಹೊತ್ತಿಗೆ ಬೇರೊಬ್ಬ ಏಜೆಂಟನ ಕೈಯಲ್ಲಿ ಅರವತ್ತೊಂದಕ್ಕೆ ಹೋಯಿತು. ಆದರೆ ಆ ದುಡ್ಡಿಗೆ ಅವರಿಗೆ ಬೇಕಾದಂಥ ಮನೆ ಮತ್ತೆ ಸಿಗಲಿಲ್ಲ. ಈಗ ಬಾಡಿಗೆಗಿದ್ದಾರೆ. ಮೆಟ್ಟಿಲಿಲ್ಲ, ಆದರೆ ಯಾವಾಗ ಖಾಲಿ ಮಾಡಿ ಅನ್ನುತ್ತಾರೋ ಗೊತ್ತಿಲ್ಲ.

ಮಾರಾಟದ ನೋಂದಣಿ ಮುಗಿದ ದಿನ ಅಕ್ಕೋರು ಸಿಟ್ಟಿಲ್ಲದೆ ಕೇಳಿದರು: “ನಿಮ್ಮ ಗೆಳೆಯಾ ಅಂತ ನಾ ನಂಬಿದ್ನಿ. ನೀವು ಏನು ನೋಡಿ ನಂಬಿದ್ರಿ?”

ಚೆನ್ನಾಗಿ ವಾದಿಸಿದ ಎಂಬುದೊಂದೇ ನನ್ನಲ್ಲಿದ್ದ ಉತ್ತರ.

ಮನೆ ಮಾರಿದರೆ ಎಷ್ಟು ತೆಗೆದುಕೊಳ್ಳುತ್ತೀ ಎಂದು ಏಜೆಂಟನಿಗೆ ಎಲ್ಲರೂ ಕೇಳುತ್ತಾರೆ. ಕಡಿಮೆಗೆ ಮಾರಿದರೆ ನಿನಗೆ ಯಾರು ಕೊಡುತ್ತಾರೆ ಎಂದೂ ಕೇಳಿ ಅಂತ ನಾನೀಗ ಕಕ್ಷಿದಾರರಿಗೆ ಹೇಳುತ್ತೇನೆ. ಸಿಟ್ಟಾದರೆ ಆಗಲಿ. ಉತ್ತರ ತೀರಾ ಚಂದ ಇದ್ದರೆ ಮಾತ್ರ ಅಲ್ಲಿಂದ ಎದ್ದು ಬನ್ನಿ.