ದವಡೆ ಬಿಗಿದುಕೊಂಡ ಕಾಲ

ಆ ಮಧ್ಯಾಹ್ನ ಶಿಗ್ಗಾವಿಯ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ. ರೊಟ್ಟಿ ಮುರಿದು ಬದನೆಕಾಯಿ ಪಲ್ಯ ಹಚ್ಚಿ ಬಾಯಿಗೆ ಇಡಲು ಹೋದರೆ ಬಾಯಿ ತೆರೆಯಲಿಲ್ಲ. ಬೆರಳು ಹಿಡಿಸುವಷ್ಟು ತೆರೆದು ಅಲ್ಲಿಗೇ ನಿಂತುಬಿಟ್ಟಿತು. ಒತ್ತಾಯ ಮಾಡಿದೆ. ಕಿವಿಯ ಮುಂದೆ ಟಕ್ಕೆಂದು ಸದ್ದಾಗಿ, ನೋವು ಕಪಾಳದಿಂದ ಕುತ್ತಿಗೆಗೆ ಇಳಿಯಿತು. ರೊಟ್ಟಿಯನ್ನು ಡಬ್ಬಿಯಲ್ಲಿ ತಿರುಗಿ ಇಟ್ಟು, ಮಜ್ಜಿಗೆಯನ್ನಷ್ಟೇ ಹೀರಿ ಎದ್ದೆ. ಹೊರಗೆ ರಕ್ತ ತಪಾಸಣೆಗೆ ಬಂದವರು ಕಾಯುತ್ತಿದ್ದರು.

ಅದು ಒಮ್ಮೆಲೇ ಬಂದದ್ದಲ್ಲ. ತಿಂಗಳುಗಟ್ಟಲೆ ಮೊದಲಿನಿಂದ ಹಣೆಯ ಪಕ್ಕದ ಕಣತಲೆ ನೋಯುತ್ತಿತ್ತು. ಕಣ್ಣಿನದಿರಬೇಕೆಂದು ಚಷ್ಮಾ ಬದಲಾಯಿಸಿದೆ. ಕಿವಿ ಚುಚ್ಚುತ್ತಿತ್ತು, ಹಾವೇರಿಗೆ ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದೆ. ಕಿವಿ ಸ್ವಚ್ಛ ಇದೆ ಎಂದರು. ಬೆಳಿಗ್ಗೆ ಎದ್ದಾಗ ಇಡೀ ರಾತ್ರಿ ಯಾರದೋ ಜೊತೆ ಜಗಳ ಆಡಿದವಳಂತೆ ಮುಖ ದಣಿದಿರುತ್ತಿತ್ತು. ಕುತ್ತಿಗೆ ಹೊರಳಿಸಬೇಕೆಂದರೆ ಮೈಯನ್ನೂ ಹೊರಳಿಸಬೇಕಾಗುತ್ತಿತ್ತು.

ಕೆಲಸದ ದೋಷ ಇರಬೇಕೆಂದು ನಾನು ತಿಳಿದಿದ್ದೆ. ಜನರ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ಮಳೆಗಾಲ ಬಂತೆಂದರೆ ಡೆಂಗಿ, ಟೈಫಾಯ್ಡ್ ಎಂದು ಬಾಗಿಲ ತನಕ ಜನ. ದಿನವಿಡೀ ಕುತ್ತಿಗೆ ಬಗ್ಗಿಸಿ ಕೂರಬೇಕು. ಅದಕ್ಕಿಂತ ಕಷ್ಟದ ಕೆಲಸ ಬೇರೆ ಇದೆ, ಅದನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ. ರಿಪೋರ್ಟಿನಲ್ಲಿ ಏನಿದೆ ಎಂಬುದನ್ನು ಡಾಕ್ಟರೇ ಹೇಳಬೇಕು, ನಾನು ಬಾಯಿ ಬಿಡುವಂತಿಲ್ಲ. ಜನ ಬಾಯಿಯನ್ನು ಕಾಯುವುದಿಲ್ಲ, ಮುಖವನ್ನೇ ನೋಡುತ್ತಾರೆ. ಒಮ್ಮೆ ನಾನು ಸೂಕ್ಷ್ಮದರ್ಶಕದಿಂದ ತಲೆ ಎತ್ತುವುದನ್ನೇ ಕಾಯುತ್ತಿದ್ದ ತಾಯಿಯೊಬ್ಬಳು, “ಅಕ್ಕಾರ, ನಿಮ್ಮ ಮಾರಿ ಯಾಕ ಸಣ್ಣದಾತ್ರಿ? ನನ್ನ ಮಗಳಿಗೆ ಏನರ ಆಗೇತೇನ್ರಿ?” ಎಂದು ಅಳಲು ಸುರು ಮಾಡಿದಳು. ಆ ಹುಡುಗಿಗೆ ಏನೂ ಆಗಿರಲಿಲ್ಲ. ನನಗೆ ಹಸಿವಾಗಿತ್ತು, ಅಷ್ಟೇ. ಅವತ್ತಿನಿಂದ ಮುಖವನ್ನು ಬಾಗಿಲು ಮುಚ್ಚಿದ ಹಾಗೆ ಮುಚ್ಚಿಟ್ಟುಕೊಂಡು ಕೂರುವುದನ್ನು ಕಲಿತೆ.

ಮನೆಗೆ ಬಂದರೆ ಅಕ್ಕ ಇದ್ದಳು.

ಅಕ್ಕನನ್ನು ಚಿಕ್ಕೇರೂರಿಗೆ ಕೊಟ್ಟಿತ್ತು. ಭಾವ ತೀರಿಕೊಂಡ ಮೇಲೆ ಕೆಲವು ವರ್ಷ ಅಲ್ಲೇ ಇದ್ದಳು. ಆಮೇಲೆ ಅವಳಿಗೆ ಒಂದು ಸಂಶಯ ಹತ್ತಿತು, ಎಲ್ಲರೂ ತನ್ನ ಮೇಲೆ ಸಿಟ್ಟಾಗಿದ್ದಾರೆ, ತನ್ನನ್ನು ಹೊರಗೆ ಹಾಕಲು ನೋಡುತ್ತಿದ್ದಾರೆ ಎಂದು. ಊಟ ಬಿಟ್ಟಳು, ನಿದ್ದೆ ಬಿಟ್ಟಳು. ನಾನು ಹೋಗಿ ಸವಣೂರಿನ ನಮ್ಮ ಮನೆಗೆ ಕರೆದುಕೊಂಡು ಬಂದೆ. ಮನೋವೈದ್ಯರು ಕೊಟ್ಟ ಗುಳಿಗೆಯಿಂದ ನಿದ್ದೆ ಬಂತು, ಊಟ ಸೇರಿತು, ಮುಂಜಾನೆ ಎದ್ದು ಅಂಗಳ ಗುಡಿಸುವಷ್ಟಾದಳು. ಸಂಶಯ ಮಾತ್ರ ಪೂರ್ತಿ ಹೋಗಲಿಲ್ಲ. ಅದು ಬಂದು ನನ್ನ ಮುಖದ ಮೇಲೆ ಕೂತಿತು.

ಚಪ್ಪಲಿ ಬಿಡುವುದರೊಳಗೆ ಕೇಳುತ್ತಿದ್ದಳು, “ಯಾಕಬೇ, ಮಾರಿ ಹಂಗ್ಯಾಕ ಮಾಡೀದಿ? ನಾ ಇಲ್ಲಿ ಇರೂದು ನಿನಗ ಭಾರ ಆಗೇತೇನ?”

“ಇಲ್ಲಕ್ಕ, ಏನಿಲ್ಲ.”

“ಏನಿಲ್ಲಂದ್ರ ಹುಬ್ಬ ಯಾಕ ಗಂಟ ಹಾಕೀದಿ?”

ಹುಬ್ಬು ಬಿಚ್ಚಿದರೆ ತುಟಿ ನೋಡುತ್ತಿದ್ದಳು. ತುಟಿ ನಕ್ಕರೆ ಕಣ್ಣು ನಗುತ್ತಿಲ್ಲವೆನ್ನುತ್ತಿದ್ದಳು. ನನ್ನ ಗಂಡನಿಗೆ ಎಲೆಬಳ್ಳಿಯ ತೋಟವಿದೆ. ಅವರು ಮುಂಜಾನೆ ಹೋದರೆ ಕತ್ತಲಾಗುವ ಹೊತ್ತಿಗೆ ಬರುತ್ತಿದ್ದರು; ಅವರ ಮುಖ ಅವಳಿಗೆ ಲೆಕ್ಕಕ್ಕಿರಲಿಲ್ಲ. ನನ್ನದೇ ಬೇಕಾಗಿತ್ತು. ಹೀಗಾಗಿ ಮನೆಯ ಹೊಸ್ತಿಲು ದಾಟುವ ಮೊದಲು ಒಂದು ಗಳಿಗೆ ನಿಂತು, ಮುಖವನ್ನು ಸರಿ ಮಾಡಿಕೊಂಡು ಒಳಗೆ ಹೋಗುವುದು ರೂಢಿಯಾಯಿತು. ಸರಿ ಮಾಡಿದ ಮುಖ ಮಲಗುವ ತನಕ ಹಾಗೇ ನಿಲ್ಲಬೇಕಿತ್ತು. ಅದು ನಿಲ್ಲಬೇಕೆಂದರೆ ಒಳಗೆ ಯಾವುದಾದರೂ ಒಂದು ಅದನ್ನು ಹಿಡಿದುಕೊಂಡಿರಬೇಕಲ್ಲ. ಹಲ್ಲು ಹಿಡಿದುಕೊಂಡಿತ್ತು.

ಅದನ್ನು ಹೇಳಿದವರು ಸವಣೂರಿನ ಹಲ್ಲಿನ ಡಾಕ್ಟರು. ನನ್ನ ಬಾಯಿಯಲ್ಲಿ ಹಿಡಿಸಿದಷ್ಟು ಕನ್ನಡಿ ಇಟ್ಟು ನೋಡಿ, “ದವಡಿ ಹಲ್ಲ ಸವದು ಸಪಾಟ ಆಗ್ಯಾವ. ಯಾರ ಮ್ಯಾಲ್ರಿ ಇಷ್ಟ ಹಲ್ಲ ಕಡ್ಯಾಕತ್ತೀರಿ?” ಎಂದು ನಕ್ಕರು.

“ಯಾರ ಮ್ಯಾಲೂ ಇಲ್ರಿ,” ಎಂದೆ. ನಗಲು ಬಾಯಿ ತೆರೆಯುತ್ತಿರಲಿಲ್ಲ.

ರಾತ್ರಿ ಹಲ್ಲಿಗೆ ಹಾಕಿಕೊಳ್ಳಲು ಒಂದು ಕವಚ ಮಾಡಿಸಿಕೊಟ್ಟರು. ಕೆಲವು ದಿನ ಮೆತ್ತನೆಯದನ್ನೇ ತಿನ್ನಲು ಹೇಳಿದರು. ಕುತ್ತಿಗೆಗೆ ಮತ್ತು ದವಡೆಗೆ ವ್ಯಾಯಾಮ ಬೇಕೆಂದು ಹಾನಗಲ್ಲಿನ ಒಬ್ಬ ಫಿಜಿಯೋಥೆರಪಿ ಹೆಣ್ಣುಮಗಳ ಕಡೆ ಕಳಿಸಿದರು.

ರಜೆಯ ದಿನ ಹಾನಗಲ್ಲಿಗೆ ಹೋದೆ. ಅವಳು ಕುತ್ತಿಗೆಯ ಹಿಂದೆ ಬೆರಳಿಟ್ಟು ಒತ್ತಿದ ಕೂಡಲೆ ಕಣ್ಣಲ್ಲಿ ನೀರು ಬಂತು. “ಗಂಟ ಗಂಟ ಆಗೇತ್ರಿ,” ಎಂದಳು. ಆಮೇಲೆ ಎದುರಿಗೆ ಕೂತು, “ಈಗ ನಿಮ್ಮ ಹಲ್ಲ ಎಲ್ಲಿ ಅದಾವ ನೋಡ್ಕೋರಿ,” ಎಂದಳು. ನೋಡಿಕೊಂಡೆ. ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಒತ್ತಿ ಕೂತಿತ್ತು.

“ಸುಮ್ಮನ ಕುಂತಾಗ ಹಲ್ಲಿಗೆ ಹಲ್ಲ ಕೂಡಬಾರದ್ರಿ. ತುಟಿ ಮುಚ್ಚಿರಲಿ, ನಾಲಿಗಿ ಮ್ಯಾಲ ಅಂಗುಳಕ್ಕ ಆನಿಸಿರಲಿ, ಹಲ್ಲ ಬ್ಯಾರೆ ಬ್ಯಾರೆ. ಹೆಗಲ ಕಿವಿ ತನಕ ಎತ್ತಿ, ಒಮ್ಮೆಲೆ ಸಡಿಲ ಬಿಡ್ರಿ.”

ನಲವತ್ತು ದಾಟಿದ ಮೇಲೆ ನನ್ನ ಹಲ್ಲು ಎಲ್ಲಿರಬೇಕೆಂದು ನನಗೆ ಗೊತ್ತಾಯಿತು. ಹೆಗಲು ಎತ್ತಿ ಬಿಟ್ಟಾಗ ಅದು ಇಷ್ಟು ಕೆಳಗೆ ಇಳಿಯಬಹುದೇ ಎಂದು ಆಶ್ಚರ್ಯವಾಯಿತು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ದವಡೆಗೆ ಇಟ್ಟುಕೊಳ್ಳಲು ಹೇಳಿ, ಏಳುವ ಮುಂಚೆ ಅವಳು ಕೇಳಿದಳು, “ದಿನದಾಗ ಮಾರಿ ಸಡಿಲ ಬಿಟ್ಟು ಕುಂಡ್ರೂ ಹೊತ್ತು ಯಾವುದೈತ್ರಿ ನಿಮಗ?”

ಬಹಳ ವಿಚಾರ ಮಾಡಿ, “ಬಸ್ಸಿನ್ಯಾಗ,” ಎಂದೆ. ಅದು ನಿಜವೇ ಆಗಿತ್ತು. ಶಿಗ್ಗಾವಿಯಿಂದ ಸವಣೂರಿಗೆ ಬರುವಾಗ ಕಿಟಕಿ ಸಿಕ್ಕರೆ ಅಷ್ಟು ಹೊತ್ತು ನನ್ನ ಮುಖ ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಸೀಟು ಸಿಗದ ದಿನ ಅದೂ ಇರಲಿಲ್ಲ.

ಮನೆಯಲ್ಲಿ ವ್ಯಾಯಾಮ ಎಲ್ಲಿ ಮಾಡುವುದು? ಅಕ್ಕ ನೋಡಿದರೆ ಗಾಬರಿಯಾಗುತ್ತಾಳೆಂದು ಬಚ್ಚಲಿನ ಕನ್ನಡಿಯ ಮುಂದೆ ಕದ ಮುಚ್ಚಿಕೊಂಡು ಮಾಡುತ್ತಿದ್ದೆ. ಒಂದು ಮುಂಜಾನೆ ಕದದ ಚಿಲಕ ಹಾಕುವುದನ್ನು ಮರೆತೆ. ಗದ್ದ ಜೋತು ಬಿಟ್ಟು, ಬಾಯಿ ತೆರೆದು, ಕಣ್ಣು ಮುಚ್ಚಿ ನಿಂತಿದ್ದೆ. ಬಿಸಿನೀರಿಗೆಂದು ಬಂದ ಅಕ್ಕ ಕನ್ನಡಿಯಲ್ಲಿ ಆ ಮುಖ ನೋಡಿ ಕೈಯಲ್ಲಿದ್ದ ನೀರಿನ ಚರಿಗೆಯನ್ನು ಕೆಳಗೆ ಬಿಟ್ಟಳು.

“ಏನಾತಬೇ ನಿನಗ? ಯಾಕ ಹಂಗ ನಿಂತಿ? ನನ್ನ ಮುಂದ ಹೇಳಾಕ ಬ್ಯಾಸರೇನ? ಸಿಟ್ಟ ಆಗೀದಿ ಹೌದಿಲ್ಲೊ?”

ಎಂದಿನಂತೆ ಮುಖ ಸರಿ ಮಾಡಿಕೊಂಡು ಏನಿಲ್ಲ ಎನ್ನಬೇಕಿತ್ತು. ಅವತ್ತು ಆಗಲಿಲ್ಲ. ಮುಖವನ್ನು ಮತ್ತೆ ಎತ್ತಿ ಕಟ್ಟುವಷ್ಟು ತ್ರಾಣ ಉಳಿದಿರಲಿಲ್ಲ.

“ದವಡಿ ನೋಯಾಕತ್ತೈತಿ ಅಕ್ಕ,” ಎಂದೆ. “ನೀ ದಿನಾ ನನ್ನ ಮಾರಿ ನೋಡ್ತಿ. ನಿನ್ನ ಮುಂದ ಮಾರಿ ಗಟ್ಟಿ ಹಿಡದು ಹಿಡದು ಬಾಯಿ ತೆರೀವಲ್ದು. ನನಗ ಸಾಕಾಗೇತಿ.”

ಅಕ್ಕ ಚರಿಗೆ ಎತ್ತಿಕೊಂಡು ಹೋದಳು. ಅಂದು ಅಂಗಳ ಗುಡಿಸಲಿಲ್ಲ. ಆಮೇಲೆ ಹಲವು ದಿನ ಒಳಕೋಣೆ ಬಿಟ್ಟು ಬರಲಿಲ್ಲ. ತಾಟು ಕೊಟ್ಟರೆ ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದಳು. ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಳು. ನಾನು ಬೇಡಿಕೊಂಡಿದ್ದು ಅದನ್ನೇ, ಆದರೆ ಅದು ಸಿಕ್ಕಾಗ ಬೇಡವೆನಿಸಿತು.

“ಅದನ್ನ ಆಕಿ ಮುಂದ ಹೇಳಬೇಕಿತ್ತೇನ?” ಎಂದರು ನನ್ನ ಗಂಡ. “ಜಡ್ಡಿನ ಮನಶಾಳು ಆಕಿ.”

“ನಾನೂ ಮನಶಾಳ ಅದೇನಿ,” ಎಂದೆ. ಮರುದಿನ ಅವರು ತೋಟದಿಂದ ಬೇಗ ಬಂದು, ತಾವೇ ಅನ್ನಕ್ಕಿಟ್ಟರು. ಮಾತಿನಲ್ಲಿ ಹೇಳುವುದು ಅವರಿಗೆ ಬರುವುದಿಲ್ಲ. ಅಕ್ಕನ ಗುಳಿಗೆಯ ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಗುಳಿಗೆ ತಪ್ಪದಂತೆ ನೋಡಿಕೊಳ್ಳಿ, ಹೇಳಿದ್ದು ಕೆಟ್ಟದ್ದಲ್ಲ, ಸ್ವಲ್ಪ ತಾಳಿ ಎಂದರು. ತಾಳುವುದರಲ್ಲೇ ನನ್ನ ದವಡೆ ಹೋಗಿದ್ದು ಎಂದು ಹೇಳಬೇಕೆನಿಸಿತು.

ಒಂದು ಸಂಜೆ ನಾನು ಬಸ್ಸಿಳಿದು ಬಂದಾಗ ಅಕ್ಕ ಪಡಸಾಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನನ್ನತ್ತ ನೋಡಿದಳು, ತಟ್ಟನೆ ಕಣ್ಣು ಕೆಳಗೆ ಹಾಕಿದಳು. ಆಮೇಲೆ ಎಲೆ ನೋಡುತ್ತಲೇ ಕೇಳಿದಳು, “ಸಿಟ್ಟೋ, ದಣಿವೋ?”

“ದಣಿವು,” ಎಂದೆ.

“ಹಂಗಾದ್ರ ಬೀಳ ಹೋಗ.”

ಹೋಗಿ ಮಲಗಿದೆ. ಮುಖ ಹೇಗಿತ್ತೋ ಹಾಗೇ ಬಿಟ್ಟು ಮಲಗಿದೆ. ಅದಾದ ಮೇಲೆ ದಿನಾ ಅದೇ ಪ್ರಶ್ನೆ. ಬಹಳ ಸಲ ದಣಿವು ಎನ್ನುತ್ತಿದ್ದೆ, ಕೆಲವೊಮ್ಮೆ ನೋವು. ಒಮ್ಮೆ, ಲ್ಯಾಬಿನಲ್ಲಿ ಯಾರೋ ಸುಮ್ಮಸುಮ್ಮನೆ ರೇಗಾಡಿದ ದಿನ, “ಸಿಟ್ಟು,” ಎಂದುಬಿಟ್ಟೆ. ಅಕ್ಕ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು.

“ನನ್ನ ಮ್ಯಾಲ?”

“ನಿನ್ನ ಮ್ಯಾಲಲ್ಲ.”

“ಖರೇನ?”

“ಖರೇನ ಅಕ್ಕ.”

ಅವಳು ಅರ್ಧ ನಂಬಿದಳು. ಅರ್ಧವಾದರೂ ನಂಬಿದಳಲ್ಲ ಎಂದು ನನಗೆ ಸಮಾಧಾನ.

ಇದರಿಂದ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ಬಾಯಿ ಈಗ ರೊಟ್ಟಿಗೆ ಸಾಕಾಗುವಷ್ಟು ತೆರೆಯುತ್ತದೆ, ಒಣಗಿ ಗಟ್ಟಿಯಾದ ಕಟಕ ರೊಟ್ಟಿಗೆ ಇನ್ನೂ ಧೈರ್ಯ ಮಾಡಿಲ್ಲ. ಚಳಿಗಾಲದಲ್ಲಿ ಟಕ್ಕೆನ್ನುತ್ತದೆ. ಸೂಕ್ಷ್ಮದರ್ಶಕದ ಮುಂದೆ ಕೂತಾಗ ನಡುನಡುವೆ ಹಲ್ಲು ಎಲ್ಲಿವೆ ಎಂದು ನೋಡಿಕೊಳ್ಳುತ್ತೇನೆ. ಹೆಚ್ಚಿನ ಸಲ ಅವು ಮತ್ತೆ ಒಂದರ ಮೇಲೊಂದು ಒತ್ತಿ ಕೂತಿರುತ್ತವೆ, ನಾನು ಮತ್ತೆ ಬಿಡಿಸುತ್ತೇನೆ. ಅಕ್ಕನ ಪ್ರಶ್ನೆಗೆ ಉತ್ತರ ಕೊಡುವುದೂ ಬೇಸರವಾಗುವ ದಿನಗಳಿವೆ. ಅಂಥ ದಿನ ಕೈಯಾಡಿಸಿ ಒಳಗೆ ಹೋಗುತ್ತೇನೆ. ಅವಳು ಕೈಸನ್ನೆಯನ್ನು ದಣಿವೆಂದು ತಿಳಿದುಕೊಳ್ಳುತ್ತಾಳೋ, ಸಿಟ್ಟೆಂದು ಕೊರಗುತ್ತಾಳೋ, ಕೇಳಲು ಹೋಗಿಲ್ಲ.

ಮೊನ್ನೆ ಹಿರೇಕೆರೂರಿನಲ್ಲಿ ಸಂಬಂಧಿಕರ ಮದುವೆ ಇತ್ತು. ಅಕ್ಕ ತಾನೂ ಬರುತ್ತೇನೆಂದಳು. ಇಷ್ಟು ವರ್ಷದಲ್ಲಿ ಅವಳು ಜನರ ನಡುವೆ ಹೋಗಿರಲಿಲ್ಲ. ಅವಳು ಹೇಗಿರುತ್ತಾಳೋ ಎಂಬ ಚಿಂತೆಯಲ್ಲೇ ನನ್ನ ಕುತ್ತಿಗೆ ಹಾನಗಲ್ಲ ದಾಟುವುದರೊಳಗೆ ಬಿಗಿದಿತ್ತು. ಅಕ್ಷತೆ ಆದ ಮೇಲೆ ಮದುಮಕ್ಕಳ ಪಕ್ಕ ನಮ್ಮಿಬ್ಬರನ್ನೂ ನಿಲ್ಲಿಸಿದರು. ಫೋಟೋ ತೆಗೆಯುವವನು ಕ್ಯಾಮೆರಾ ಇಳಿಸಿ, “ಅಕ್ಕಾರ, ನೀವು ಈ ಕಡೆದವರು, ಸ್ವಲ್ಪ ನಗ್ರಿ,” ಎಂದ. ನಾನು ತುಟಿ ಎಳೆಯಲು ಹೊರಟಿದ್ದೆ.

“ಆಕಿ ದಣದಾಳ,” ಎಂದಳು ಅಕ್ಕ, ಎಲ್ಲರಿಗೂ ಕೇಳುವ ಹಾಗೆ. “ಹೆಂಗ ಅದಾಳೊ ಹಂಗ ತೆಗೀರಿ.”

ಅವನು ತೆಗೆದ. ಊಟಕ್ಕೆ ಕೂತಾಗ ಅಕ್ಕ ಗೋದಿ ಹುಗ್ಗಿಯನ್ನು ಇನ್ನೊಮ್ಮೆ ಬಡಿಸಿಕೊಂಡಳು. ನನಗೆ ಮೆತ್ತನೆಯ ಅನ್ನ ಸಾರು ಸಾಕಾಯಿತು. ಮನೆಗೆ ಬಂದ ಮೇಲೆ ಬಿಸಿನೀರಿಗೆ ಬಟ್ಟೆ ಅದ್ದಿ ದವಡೆಗೆ ಇಟ್ಟುಕೊಂಡು ಕೂತೆ. ನೋವು ಇಳಿಯಲು ಬಹಳ ಹೊತ್ತು ಹಿಡಿಯಿತು.